ಹಲಸಿನ ಬಾಗಿಲು ಮಾರುವ ಮುನ್ನ

ಮಾನ್ಯ ಸಂಪಾದಕರೇ,

ಮನೆಯ ಒಳಾಂಗಣದ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಮಳೆಯ ಮಾತು ಒಂದು ಸಾಲಿನಲ್ಲೂ ಇರಲಿಲ್ಲ. ಗೋಡೆಗೆ ಅಂಟಿ ನೆಲಕ್ಕೆ ಕೂತ ಕಪಾಟು, ಹೆಂಚಿನ ಮಾಡಿನಡಿ ಜಿಪ್ಸಮ್ ಮುಚ್ಚಿಗೆ, ಬಟ್ಟೆ ಹೊದಿಸಿದ ಮಂಚದ ತಲೆಗಟ್ಟು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಕಾಸರಗೋಡಿನಲ್ಲಿ ಇವು ಬೂಷ್ಟು ಹಿಡಿಯಲು ಎರಡನೆಯ ಮಳೆಗಾಲ ಬೇಕಾಗಿಲ್ಲ.

ನಾನು ಬದಿಯಡ್ಕದ ಬಳಿ ಪೀಠೋಪಕರಣ ವಿನ್ಯಾಸ ಮಾಡುವವಳು. ನನ್ನ ಶೈಲಿ ಯಾವುದೆಂದು ಕೇಳಿದವರಿಗೆ ಕಪಾಟಿನ ಕಾಲು ತೋರಿಸುತ್ತೇನೆ. ನೆಲದಿಂದ ಒಂದು ಗೇಣು ಎತ್ತರ, ಗೋಡೆಯಿಂದ ಎರಡು ಬೆರಳು ದೂರ. ಅಡಿಯಲ್ಲಿ ಕಸ ಗುಡಿಸುವ ಹಿಡಿಸೂಡಿ ಆಡಬೇಕು, ಹಿಂದೆ ಗಾಳಿ ಆಡಬೇಕು, ಗೆದ್ದಲು ಮಣ್ಣು ಕಟ್ಟಿಕೊಂಡು ಏರಿದರೆ ಅದು ಮನೆಯವರ ಕಣ್ಣಿಗೆ ಬೀಳಬೇಕು. ಕಪಾಟಿನ ಬಾಗಿಲಿಗೆ ಹಲಗೆಯ ಬದಲು ಬೆತ್ತದ ಹೆಣಿಗೆ ಹಾಕಿಸುತ್ತೇನೆ, ಒಳಗಿನ ಸೀರೆಗಳಿಗೆ ಮುಗ್ಗಲು ವಾಸನೆ ಬರುವುದಿಲ್ಲ. ಕಾಣದ ಹಿಂಭಾಗಕ್ಕೂ ಕಾಲಿನ ಅಡಿಗೂ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಅದನ್ನು ಕೈಗೆ ತಾಗಿಸಿಕೊಂಡವರಿಗೆ ಅದರ ಖಾರ ಗೊತ್ತು, ಹುಳುವಿಗೂ ಗೊತ್ತು. ಕುರ್ಚಿಯ ಎತ್ತರವನ್ನು ನಮ್ಮ ಆಚಾರಿಗಳ ಕೋಲಿನಲ್ಲೇ ಅಳೆಯುತ್ತೇನೆ. ಒಂದು ಕೋಲಿಗೆ 24 ಅಂಗುಲ, ಅಂದರೆ 72 ಸೆಂಟಿಮೀಟರ್. ಅಂಗಡಿಯ ಕುರ್ಚಿಗಳು ಸಾಮಾನ್ಯವಾಗಿ ಈ ಕೋಲಿನ ಲೆಕ್ಕದಲ್ಲಿ 15 ಅಂಗುಲ ಎತ್ತರ ಇರುತ್ತವೆ. ನಾನು 14ಕ್ಕೆ ಇಳಿಸುತ್ತೇನೆ, ಏಕೆಂದರೆ ಅದರಲ್ಲಿ ದಿನವಿಡೀ ಕೂರುವವರು ಮನೆಯ ಅಜ್ಜಿ. ಅವರ ಹಿಮ್ಮಡಿ ನೆಲ ಮುಟ್ಟಬೇಕು.

ಮರದ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆದದ್ದೇ ಅದಕ್ಕಾಗಿ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ಎಷ್ಟೋ ಹಳೆಯ ಕಟ್ಟಡಗಳು ಹೋದವು. ಒಳಊರುಗಳಲ್ಲಿ ಪಾಲುಪಟ್ಟಿಯಾದ ಮೇಲೆ ಚಾವಡಿ ಮನೆಗಳನ್ನು ಕೆಡವುತ್ತಿದ್ದಾರೆ. ಕೆಡವುವವರನ್ನು ನಾನು ದೂರುವುದಿಲ್ಲ. ಮಾಡು ಸೋರುವ ದೊಡ್ಡ ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುವ ಕಷ್ಟ ನನಗೆ ಗೊತ್ತಿದೆ. ನನಗೆ ಸಂಕಟವಾಗುವುದು ಆಮೇಲಿನ ವ್ಯಾಪಾರ ಕಂಡಾಗ. ಹಲಸಿನ ಬಾಗಿಲು, ಮಾಡು ಹೊರುವ ಹೆಬ್ಬಲಸಿನ ಪಕ್ಕಾಸು, ಬೀಟೆಯ ಆರಾಮಕುರ್ಚಿ, ಭತ್ತ ತುಂಬಿಡುತ್ತಿದ್ದ ಪತ್ತಾಯ, ಎಲ್ಲವನ್ನೂ ಒಟ್ಟು ಲೆಕ್ಕದಲ್ಲಿ ಲಾರಿಗೆ ಹೇರಿ ಕಳುಹಿಸುತ್ತಾರೆ. ಅದೇ ಹಣಕ್ಕೆ ಇನ್ನಷ್ಟು ಸೇರಿಸಿ ಹೊಸ ಮನೆಗೆ ಮರದ ಪುಡಿ ಒತ್ತಿ ಮಾಡಿದ ಹಲಗೆಯ ಕಪಾಟು ತರುತ್ತಾರೆ. ಪೆರ್ಲದ ಕಡೆಯ ಒಂದು ಮನೆಗೆ ನಾನು ಹೋಗುವಷ್ಟರಲ್ಲಿ ಪತ್ತಾಯ ಗಡಿ ದಾಟಿಯಾಗಿತ್ತು. ಹೊಸ ಅಡುಗೆಮನೆಯಲ್ಲಿ ನೀರಿನ ತೊಟ್ಟಿಯ ಕೆಳಗಿನ ಹಲಗೆ ಆಗಲೇ ಉಬ್ಬಿ, ತಿರುಪುಮೊಳೆ ಕಿತ್ತು ಬಂದಿತ್ತು. ಆ ಪತ್ತಾಯದ ಹಲಗೆಗಳಲ್ಲಿ ಅಡುಗೆಮನೆಗೆ ಬೇಕಾದ ಬಾಗಿಲುಗಳೆಲ್ಲ ಆಗುತ್ತಿದ್ದವು.

ಹಲಸು ಸಾಮಾನ್ಯ ಮರವಲ್ಲ. ಕೊಯ್ದಾಗ ಅರಸಿನದಂತೆ ಹಳದಿ, ವರ್ಷ ಕಳೆದಂತೆ ಕಂದು, ಆಮೇಲೆ ಕೆಂಪು ಬೆರೆತ ಗಾಢ ಬಣ್ಣ. ಮೃದಂಗದ ಹೊಳವು, ವೀಣೆಯ ಕೊಡ ಮಾಡುವುದು ಇದರಲ್ಲೇ. ಹೊರಗಿನ ಬಿಳಿ ಭಾಗವನ್ನು ಹುಳ ತಿನ್ನುತ್ತದೆ, ಒಳಗಿನ ಗಟ್ಟಿ ಮರವಾದ ಚೇಗಿಗೆ ಸುಲಭದಲ್ಲಿ ಬಾಯಿ ಹಾಕುವುದಿಲ್ಲ. ಹಳೆಯ ಮನೆಯ ಮರದಲ್ಲಿ ಚೇಗೇ ಹೆಚ್ಚು. ತಲೆಮಾರುಗಳಿಂದ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿ ಪಳಗಿದ್ದರಿಂದ ಅದು ಹೊಸ ಮರದಷ್ಟು ಸೊಟ್ಟಗಾಗುವುದಿಲ್ಲ. ಅಂಥದ್ದನ್ನು ಅಂಗಡಿಯಲ್ಲಿ ಕೇಳಿ ನೋಡಿ, ಸಿಗುವುದಿಲ್ಲ.

‘ಆದರೆ ಅಕ್ಕಾ, ಬಾಗಿಲು ಸೀಳಿದೆಯಲ್ಲ’ ಎನ್ನುತ್ತಾರೆ ಮನೆಯವರು. ಅವರಿಗೆ ನಾನು ಮರದ ಪೀಠೋಪಕರಣಗಳಿಗೆ ಹೆಸರಾದ ಜಾರ್ಜ್ ನಕಾಶಿಮಾ ಅವರ ಕೆಲಸದ ಚಿತ್ರ ತೋರಿಸುತ್ತೇನೆ. 1905ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಪಾನಿ ಮೂಲದ ಈ ವಾಸ್ತುಶಿಲ್ಪಿ, ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ಕಟ್ಟಡದ ಕೆಲಸಕ್ಕೆ 1930ರ ದಶಕದಲ್ಲಿ ಬಂದು ಆಶ್ರಮದವರೇ ಆಗಿದ್ದರು. ಗೋಡೆಯುದ್ದಕ್ಕೂ ತೆರೆದು ಮುಚ್ಚುವ ಪಟ್ಟಿಗಳಿದ್ದು, ಗಾಳಿಯನ್ನು ಒಳಗೆ ಬಿಟ್ಟು ಬಿಸಿಲನ್ನು ಹೊರಗೆ ನಿಲ್ಲಿಸುವ ಕಟ್ಟಡ ಅದು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರೆಂದು ಅವರನ್ನು ಶಿಬಿರದಲ್ಲಿ ಕೂಡಿಹಾಕಿದಾಗ, ಅಲ್ಲಿದ್ದ ಜಪಾನಿ ಬಡಗಿಯೊಬ್ಬರಿಂದ ಕೈಕೆಲಸ ಕಲಿತರು. ಮರ ಸೀಳಿದ್ದರೆ ಅವರು ಆ ಸೀಳನ್ನು ಮುಚ್ಚಿಡುತ್ತಿರಲಿಲ್ಲ. ಚಿಟ್ಟೆಯಾಕಾರದ ಮರದ ತುಂಡನ್ನು ಅಡ್ಡಲಾಗಿ ಕೂರಿಸಿ ಬಿಗಿಯುತ್ತಿದ್ದರು. ನೀರ್ಚಾಲಿನ ಒಂದು ಮನೆಯ ಸೀಳಿದ ಹಲಸಿನ ಬಾಗಿಲಿಗೆ ನಾನು ಬೀಟೆಯ ಅಂಥ ಮೂರು ಚಿಟ್ಟೆಗಳನ್ನು ಕೂರಿಸಿ ಊಟದ ಮೇಜು ಮಾಡಿಸಿದ್ದೇನೆ. ಹಳೆಯ ಚಿಲಕದ ತೂತು ಹಾಗೆಯೇ ಇದೆ. ಮನೆಯ ಮಕ್ಕಳು ಅಲ್ಲೇ ಕೂತು ಶಾಲೆಯ ಮನೆಕೆಲಸ ಮಾಡುತ್ತಾರೆ. ನಾನು ಮಾಡಿದ್ದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಆ ಮೇಜು.

ಹಳೆಯ ಮರವಿಲ್ಲದವರು ಪ್ಲೈವುಡ್ ಕೊಳ್ಳಲಿ, ತಪ್ಪಿಲ್ಲ. ಆದರೆ ಹಲಗೆಯ ಮೇಲಿನ ಮುದ್ರೆ ಓದಿ ಕೊಳ್ಳಬೇಕು. ಪ್ಲೈವುಡ್‌ನ ಭಾರತೀಯ ಮಾನದಂಡವಾದ ಐಎಸ್ 303ರಲ್ಲಿ ಎಂಆರ್ (ತೇವ ತಾಳುವ) ದರ್ಜೆ ಒಣ ಕೋಣೆಗೆ ಮಾತ್ರ. ಅಡುಗೆಮನೆಗೆ ಬಿಡಬ್ಲ್ಯೂಆರ್ (ಕುದಿನೀರು ತಾಳುವ) ದರ್ಜೆಯದ್ದು ಇಲ್ಲವೇ ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ ಬೇಕು.

ಸಂಪಾದಕರೇ, ಮುಂದಿನ ಪುರವಣಿಯಲ್ಲಿ ಗಡಿನಾಡಿನ ಆಚಾರಿಗಳಿಗೆ ಒಂದು ಪುಟ ಕೊಡಿ. ಒಂದು ಮರದ ತುದಿಯ ನಾಲಗೆಯನ್ನು ಇನ್ನೊಂದರ ತೂತಿಗೆ ಇಳಿಸಿ ಮರದ ಗೂಟ ಹೊಡೆದು ಕಬ್ಬಿಣದ ಮೊಳೆಯಿಲ್ಲದೆ ಕುರ್ಚಿ ನಿಲ್ಲಿಸಬಲ್ಲವರು ಕುಂಬಳೆ, ಮುಳ್ಳೇರಿಯದ ಕಡೆ ಈಗಲೂ ಇದ್ದಾರೆ. ಮನೆ ಕೆಡವಲು ಹೊರಟಿರುವ ಓದುಗರು ಲಾರಿಯವರಿಗೆ ಫೋನ್ ಮಾಡುವ ಮೊದಲು ಅಂಥ ಒಬ್ಬರನ್ನು ಕರೆಸಿ, ಒಂದೊಂದೇ ಹಲಗೆಯನ್ನು ತಟ್ಟಿ ನೋಡಿಸಲಿ.

ಇತಿ,
ಪೀಠೋಪಕರಣ ವಿನ್ಯಾಸಗಾರ್ತಿ, ಬದಿಯಡ್ಕ, ಕಾಸರಗೋಡು ಜಿಲ್ಲೆ