ನಿಷೇಧ ತಳಿಗೆ, ರಿಯಾಯಿತಿ ಮಾಲೀಕನಿಗೆ

ಮಾನ್ಯ ಸಂಪಾದಕರೇ,

ಪಿಟ್‌ಬುಲ್ ಅಥವಾ ರಾಟ್‌ವೀಲರ್ ಯಾರನ್ನಾದರೂ ಕಚ್ಚಿದ ಸುದ್ದಿ ಬಂದಾಗಲೆಲ್ಲ ಆ ತಳಿಯನ್ನೇ ನಿಷೇಧಿಸಬೇಕೆಂಬ ಒತ್ತಾಯ ಕೇಳಿಬರುತ್ತದೆ. ಒತ್ತಾಯಿಸುವವರ ಭಯ ಸುಳ್ಳಲ್ಲ. 2022ರ ಜುಲೈನಲ್ಲಿ ಲಖನೌದ 82 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮಗ ಸಾಕಿದ್ದ ಪಿಟ್‌ಬುಲ್‌ನ ದಾಳಿಗೆ ಮನೆಯಲ್ಲೇ ಬಲಿಯಾದರು. 2024ರ ಮೇ ತಿಂಗಳಲ್ಲಿ ಚೆನ್ನೈನ ಉದ್ಯಾನವೊಂದರಲ್ಲಿ ಐದು ವರ್ಷದ ಹೆಣ್ಣುಮಗುವಿನ ಮೇಲೆ ಎರಡು ರಾಟ್‌ವೀಲರ್‌ಗಳು ಎರಗಿದವು. ಇಂಥದ್ದನ್ನು ಓದಿದ ಮೇಲೆ ಈ ನಾಯಿಗಳ ಪರವಾಗಿ ಮಾತನಾಡುವುದು ಸುಲಭವಲ್ಲ. ಆದರೂ ಪಿಟ್‌ಬುಲ್‌ಗಳಿದ್ದ ಮನೆಯಲ್ಲಿ ಬೆಳೆದವನಾಗಿ, ಈ ಚರ್ಚೆಯಲ್ಲಿ ನಾಯಿಯ ಹೆಸರು ಕೇಳಿಬರುವಷ್ಟು ಅದನ್ನು ಸಾಕಿದವನ ಹೆಸರು ಕೇಳಿಬರುತ್ತಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ದೊಡ್ಡಬಳ್ಳಾಪುರದ ಸಮೀಪದ ನಮ್ಮ ತೋಟದ ಮನೆಗೆ ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಚಿಕ್ಕಪ್ಪ ಈ ತಳಿಯ ಹೆಣ್ಣು ಮರಿಯೊಂದನ್ನು ತಂದರು. ಆಮೇಲೆ ಒಂದು ಗಂಡೂ ಬಂತು. ಮನೆಯವರ ಮಟ್ಟಿಗೆ ಅಷ್ಟು ಮುದ್ದಿನ ನಾಯಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯಲು ಕೂತರೆ ಹೆಣ್ಣು ನಾಯಿ ಅವರ ಮಡಿಲಿಗೆ ತಲೆ ಇಟ್ಟು ಮಲಗುತ್ತಿತ್ತು. ಆದರೆ ಆ ಮುದ್ದಿನ ಸುತ್ತ ಚಿಕ್ಕಪ್ಪ ಹಾಕಿದ್ದ ಕಟ್ಟುಪಾಡುಗಳು ಒಂದೆರಡಲ್ಲ. ಮುದ್ದೆ, ಮಾಂಸ ಹಾಕಿದ ತಟ್ಟೆಯ ಹತ್ತಿರ ಮಕ್ಕಳು ಸುಳಿಯುವಂತಿರಲಿಲ್ಲ. ದೊಡ್ಡವರಿಲ್ಲದೆ ನಾವು ನಾಯಿಗಳೊಂದಿಗೆ ಅಂಗಳದಲ್ಲಿ ಇರುವಂತಿರಲಿಲ್ಲ. ಬೆಳಕು ಹರಿಯುವ ಮೊದಲೇ, ಊರ ನಾಯಿಗಳು ಬೀದಿಗಿಳಿಯುವ ಮುನ್ನ, ಬಾಯಿಕುಕ್ಕೆ ಹಾಕಿ ಒಂದೊಂದನ್ನೇ ಅಡ್ಡಾಡಿಸಿ ತರುತ್ತಿದ್ದರು. ಜೊತೆಯಲ್ಲೇ ಬೆಳೆದಿದ್ದರೂ ಆ ಎರಡನ್ನೂ ಕಾವಲಿಲ್ಲದೆ ಒಂದೇ ಕಡೆ ಬಿಟ್ಟದ್ದನ್ನು ನಾನು ನೋಡಿಲ್ಲ. ಬಾಗಿಲ ಪಕ್ಕದ ಮೊಳೆಗೆ ಗೇಣುದ್ದದ ಮರದ ಬೆಣೆಯೊಂದು ಸದಾ ನೇತಾಡುತ್ತಿತ್ತು.

ಅದರ ಉಪಯೋಗ ಏನೆಂಬುದು ಪಕ್ಕದ ತೋಟದ ನಾಯಿ ಬೇಲಿಯ ಕೆಳಗೆ ನುಸುಳಿ ಬಂದ ದಿನ ನಮಗೆ ಗೊತ್ತಾಯಿತು. ನಮ್ಮ ಗಂಡು ನಾಯಿ ಅದರ ಕುತ್ತಿಗೆಗೆ ಬಾಯಿ ಹಾಕಿತು. ನೆರೆಯವರು ದೊಣ್ಣೆ ಹಿಡಿದು ಓಡಿಬಂದರು, ಯಾರೋ ನೀರೆರಚಿದರು, ಹಿಡಿತ ಸಡಿಲವಾಗಲಿಲ್ಲ. ಚಿಕ್ಕಪ್ಪ ಯಾರಿಗೂ ಹೊಡೆಯಲು ಬಿಡದೆ, ಹಿಂದಿನಿಂದ ಬಂದು ನಾಯಿಯ ಸೊಂಟವನ್ನು ಎರಡೂ ಕಾಲುಗಳ ನಡುವೆ ಅಮುಕಿ, ಕೊರಳಪಟ್ಟಿ ಹಿಡಿದು, ದವಡೆ ಹಲ್ಲುಗಳ ಸಂದಿಗೆ ಬೆಣೆ ತೂರಿಸಿ ತಿರುಗಿಸಿದರು. ಬಾಯಿ ಬಿಟ್ಟಿತು. ಪಿಟ್‌ಬುಲ್‌ನ ದವಡೆಗೆ ಬೀಗ ಬೀಳುತ್ತದೆ ಎಂದು ಜನ ಹೇಳುವುದುಂಟು. ಅಂಥ ರಚನೆಯೇನೂ ಅದರ ಬಾಯಲ್ಲಿ ಇಲ್ಲ, ಇರುವುದು ಹಿಡಿದದ್ದನ್ನು ಬಿಡದ ಹಟ. ಗಾಯಗೊಂಡ ನಾಯಿಯ ಚಿಕಿತ್ಸೆಯ ಖರ್ಚನ್ನು ಯಾರೂ ಕೇಳುವ ಮೊದಲೇ ಚಿಕ್ಕಪ್ಪ ಕೊಟ್ಟರು. ಬೇಲಿಯ ಬುಡಕ್ಕೆ ಆ ವಾರವೇ ಕಲ್ಲು ಕಟ್ಟಿಸಿದರು.

ಹಾಗಾಗಿ, ನಾಯಿಯದೇನೂ ಇಲ್ಲ, ಎಲ್ಲವೂ ಸಾಕುವವರ ಕೈಯಲ್ಲಿದೆ ಎನ್ನುವ ಕೆಲವು ಪ್ರಾಣಿಪ್ರಿಯರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಈ ತಳಿಯ ಮೂಲವಿರುವುದು ಇಂಗ್ಲೆಂಡಿನಲ್ಲಿ ಗೂಳಿಗಳ ಮೇಲೆ ನಾಯಿ ಬಿಡುತ್ತಿದ್ದ ಕ್ರೂರ ಆಟದಲ್ಲಿ. 1835ರಲ್ಲಿ ಅಲ್ಲಿ ಆ ಆಟ ನಿಷೇಧವಾದ ಮೇಲೆ ಜೂಜುಕೋರರು ನಾಯಿಗಳನ್ನೇ ಪರಸ್ಪರ ಕಾಳಗಕ್ಕೆ ಬಿಡತೊಡಗಿದರು. ಅದಕ್ಕೆಂದು ಬುಲ್‌ಡಾಗ್‌ನ ಬಲಕ್ಕೆ ಟೆರಿಯರ್‌ನ ಚುರುಕನ್ನು ಕೂಡಿಸಿದರು. ಮತ್ತೊಂದು ನಾಯಿಯನ್ನು ಕಂಡಾಗ ಕೆರಳುವುದು, ನೋವಾದರೂ ಹಿಂದೆಗೆಯದಿರುವುದು ಅನೇಕ ಪಿಟ್‌ಬುಲ್‌ಗಳಲ್ಲಿ ಇಂದಿಗೂ ಉಳಿದಿದೆ. ಎಲ್ಲ ನಾಯಿಗಳೂ ಕಚ್ಚುತ್ತವೆ, ನಿಜ. ಎಲ್ಲ ನಾಯಿಗಳ ಕಡಿತವೂ ಒಂದೇ ಅಲ್ಲ. ಇದನ್ನು ಅರಿತವರು ಮಾತ್ರ ಈ ನಾಯಿಯನ್ನು ಸಾಕಲು ಅರ್ಹರು.

ಆದರೆ ಇದಕ್ಕೆ ನಿಷೇಧ ಉತ್ತರವೇ? 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆಯು ಇಪ್ಪತ್ತಕ್ಕೂ ಹೆಚ್ಚು ತಳಿಗಳ ಆಮದು, ಸಂತಾನೋತ್ಪತ್ತಿ ಹಾಗೂ ಮಾರಾಟವನ್ನು ತಡೆಯಬೇಕೆಂದೂ ಈಗಾಗಲೇ ಮನೆಗಳಲ್ಲಿರುವ ಅಂಥ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕೆಂದೂ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಜಪಾನಿನ ತೋಸಾ ನಾಯಿ ಆ ಪಟ್ಟಿಯಲ್ಲಿ ಎರಡು ಹೆಸರಿನಲ್ಲಿ ಎರಡು ಸಲ ಇತ್ತೆಂದರೆ ತಯಾರಿ ಹೇಗಿತ್ತೆಂದು ಊಹಿಸಬಹುದು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಲಾಗಿದೆ ಎಂಬ ಕಾರಣ ನೀಡಿ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ಬ್ರಿಟನ್ನಿನ ಅನುಭವವೂ ನಮ್ಮ ಮುಂದಿದೆ. ಅಲ್ಲಿ 1991ರ ಕಾನೂನು ಪಿಟ್‌ಬುಲ್ ಸೇರಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತ್ತು; ಮೂರು ದಶಕಗಳ ನಂತರ, 2023ರ ಕೊನೆಯಲ್ಲಿ, ಎಕ್ಸ್‌ಎಲ್ ಬುಲ್ಲಿ ಎಂಬ ಐದನೆಯದನ್ನು ಸೇರಿಸಬೇಕಾಯಿತು. ಬಲಿಷ್ಠ ನಾಯಿಯನ್ನು ಮೀಸೆ ತಿರುವಲೆಂದೇ ಕೊಳ್ಳುವ ಗಿರಾಕಿ ಇರುವವರೆಗೆ ಒಂದು ತಳಿಯ ಬದಲಿಗೆ ಇನ್ನೊಂದನ್ನು ಹುಟ್ಟಿಸಿ ಮಾರುವವರೂ ಇರುತ್ತಾರೆ. ನೆದರ್ಲೆಂಡ್ಸ್ 1993ರಲ್ಲಿ ತಂದಿದ್ದ ಪಿಟ್‌ಬುಲ್ ನಿಷೇಧವನ್ನು 2008ರಲ್ಲಿ ಕೈಬಿಟ್ಟಿತು.

ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಗಳನ್ನು ಮಾರಬಾರದು, ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ಮಾಡಿಸಬಾರದು. ನಾಯಿ ಕಾಳಗ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಸಾಕುಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ನಿನಡಿ ಆರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಬೆಂಗಳೂರಿನಲ್ಲಿ ಸಾಕುನಾಯಿಗೆ ಪಾಲಿಕೆಯ ಪರವಾನಗಿಯೂ ಕಡ್ಡಾಯ. ಇವೆಲ್ಲ ಪುಸ್ತಕದ ಬದನೆಕಾಯಿಯಾಗಿ ಉಳಿದಿರುವುದೇ ತೊಂದರೆಯ ಮೂಲ. ಮೊಬೈಲಿನಲ್ಲಿ ಫೋಟೊ ನೋಡಿ, ಹಣ ಕಳುಹಿಸಿ, ತಾಯಿಯಿಂದ ಬೇಗನೆ ಬೇರ್ಪಡಿಸಿದ ಮರಿಯನ್ನು ಬಸ್ ನಿಲ್ದಾಣದಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಪಡೆದುಕೊಳ್ಳುವವರನ್ನು ನಾನೇ ಬಲ್ಲೆ. ಉಗ್ರವಾಗಿ ಕಾಣಲೆಂದು ಅದರ ಕಿವಿ ಕತ್ತರಿಸಿ, ದಿನವಿಡೀ ತಾರಸಿಯ ಮೇಲೆ ಗಿಡ್ಡ ಸರಪಳಿಯಲ್ಲಿ ಕಟ್ಟಿ, ದಾರಿಹೋಕರನ್ನು ಕಂಡು ಬೊಗಳಿದಾಗ ಬೆನ್ನು ತಟ್ಟಿದರೆ ಎರಡು ವರ್ಷಕ್ಕೆ ಯಾವ ತಳಿಯ ನಾಯಿಯಾದರೂ ಅಪಾಯಕಾರಿಯೇ ಆಗುತ್ತದೆ. ಪಿಟ್‌ಬುಲ್ ಆದರೆ ಪ್ರಾಣಾಪಾಯ.

ಬಲಿಷ್ಠ ತಳಿಗಳ ವಿಷಯದಲ್ಲಿ ಪರವಾನಗಿಯು ಬರೀ ಶುಲ್ಕದ ರಸೀದಿಯಾಗಬಾರದು. ಪಶುವೈದ್ಯ ಸಿಬ್ಬಂದಿ ಮನೆಗೆ ಹೋಗಿ ಕಾಂಪೌಂಡು, ಗೇಟು ಹಾಗೂ ನಾಯಿ ಕಟ್ಟುವ ಜಾಗವನ್ನು ನೋಡಿದ ಮೇಲೆಯೇ ಅದನ್ನು ಕೊಡಬೇಕು. ಸಂತಾನಹರಣ ಮಾಡಿಸದ ನಾಯಿಗೆ ಶುಲ್ಕ ಹಲವು ಪಟ್ಟು ಹೆಚ್ಚಿರಲಿ. ಸಾರ್ವಜನಿಕ ಸ್ಥಳದಲ್ಲಿ ಬಾಯಿಕುಕ್ಕೆ ಇಲ್ಲದಿದ್ದರೆ, ನಾಯಿಯನ್ನು ತಡೆದು ನಿಲ್ಲಿಸಲಾರದ ಮಕ್ಕಳ ಕೈಗೆ ಹಗ್ಗ ಕೊಟ್ಟಿದ್ದರೆ, ಕಚ್ಚುವವರೆಗೆ ಕಾಯದೆ ಮೊದಲ ಸಲವೇ ದಂಡ ಹಾಕಬೇಕು. ಕಚ್ಚಿದ ಪಕ್ಷದಲ್ಲಿ ಗಾಯಾಳುವಿನ ಆಸ್ಪತ್ರೆ ಖರ್ಚು ಪೂರ್ತಿಯಾಗಿ ಮಾಲೀಕರದೇ ಆಗಬೇಕು, ಮತ್ತು ಅದಕ್ಕಾಗಿ ಗಾಯಾಳು ಕೋರ್ಟಿಗೆ ಅಲೆಯುವಂತಾಗಬಾರದು. ಇನ್ನೊಂದು ಮಾತು: ಸಾಕಲಾಗದೆ ಕೈಚೆಲ್ಲಿದವರು ನಾಯಿಯನ್ನು ರಾತ್ರೋರಾತ್ರಿ ಊರಾಚೆ ಬಿಟ್ಟು ಬರುವುದು ಎಲ್ಲಕ್ಕಿಂತ ದೊಡ್ಡ ಅಪಾಯ, ಬರೀ ನಿಷೇಧ ಹೊರಡಿಸಿದರೆ ದಂಡದ ಭಯಕ್ಕೆ ಹೀಗೆ ಮಾಡುವವರೇ ಹೆಚ್ಚುತ್ತಾರೆ. ಆದ್ದರಿಂದ ಅಂಥ ನಾಯಿಗಳನ್ನು ಪ್ರಶ್ನೆ ಕೇಳದೆ ಒಪ್ಪಿಸಿಕೊಳ್ಳುವ ಒಂದು ಕೇಂದ್ರವನ್ನಾದರೂ ಪ್ರತಿ ಜಿಲ್ಲೆಯ ಪಶುಪಾಲನಾ ಇಲಾಖೆ ತೆರೆಯಬೇಕೆಂದು ತಮ್ಮ ಪತ್ರಿಕೆಯ ಮೂಲಕ ಸರ್ಕಾರವನ್ನು ಒತ್ತಾಯಿಸುತ್ತೇನೆ.

ಇತಿ,
ತಮ್ಮ ಓದುಗ,
ದೊಡ್ಡಬಳ್ಳಾಪುರ