ಕುಸಿದ ಕಾಂಕ್ರೀಟ್ ಎತ್ತಿಕೊಟ್ಟ ಅಣ್ಣನಿಗೆ

ಅಣ್ಣಾ, ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಡಲ್ಲಾಸ್‌ನ ನಮ್ಮ ಮನೆಯ ಈಜುಕೊಳದ ಪಕ್ಕ ಕಾಂಕ್ರೀಟ್ ಕುಸಿದು ಮಕ್ಕಳು ಎಡವುತ್ತಿದ್ದರು. ಬಂದವರೆಲ್ಲ ಒಡೆದು ಹೊಸದಾಗಿ ಹಾಕಿಸಿ ಅಂದರು. ನೀವು ಮಾತ್ರ ಮೊದಲು ಕೇಳಿದ್ದು, "ಸೂರಿನ ನೀರು ಎಲ್ಲಿಗೆ ಹೋಗುತ್ತೆ?" ಅಂತ. ಅದು ನೇರ ಕಾಂಕ್ರೀಟಿನ ಕೆಳಗೇ ಇಳಿಯುತ್ತಿತ್ತು. ಇಲ್ಲಿನ ಜೇಡಿಮಣ್ಣು ನೆನೆದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಕಾಂಕ್ರೀಟ್ ಹಾಕುವ ಮೊದಲು ಮಣ್ಣಿಗೆ ದಮ್ಮಸ್ಸು ಹೊಡೆದು ಸರಿಯಾಗಿ ಗಟ್ಟಿ ಮಾಡದಿದ್ದರೆ ಕುಸಿತ ಇನ್ನೂ ಜಾಸ್ತಿ, ಅಲ್ವಾ?

ಮೊದಲು ಸೂರಿನ ನೀರಿನ ಪೈಪನ್ನು ದೂರಕ್ಕೆ ತಿರುಗಿಸಿದಿರಿ. ಆಮೇಲೆ ಕಾಂಕ್ರೀಟಿನಲ್ಲಿ ಬೆರಳು ತೂರುವಷ್ಟು ತೂತು ಕೊರೆದು, ಅದರ ಕೆಳಗೆ ಉಬ್ಬಿ ಗಟ್ಟಿಯಾಗುವ ಪಾಲಿಯುರೆಥೇನ್ ಫೋಮ್ ಬಿಟ್ಟಿರಿ. ಫೋಮ್ ಉಬ್ಬಿದ ಹಾಗೆ ಕಾಂಕ್ರೀಟ್ ಮೆಲ್ಲಗೆ ಎದ್ದಿತು. ರಸಮಟ್ಟ ಇಟ್ಟು, ನೀರು ಕೊಳದಿಂದ ಆಚೆಗೆ ಹರಿಯುವಂತೆ ವಾಟ, ಅಂದರೆ ಇಳಿಜಾರು, ನೋಡಿಕೊಂಡೇ ನಿಲ್ಲಿಸಿದಿರಿ. ಕೊಳದ ಅಂಚಿನ ಸಂದಿಗೆ ನೀರು ಇಳಿಯದ ಹಾಗೆ ಸೀಲಂಟ್ ತುಂಬುವುದನ್ನೂ ಬಿಡಲಿಲ್ಲ. ಇಷ್ಟು ನಿಗಾ ಇಟ್ಟು ಯಾರು ಮಾಡ್ತಾರೆ? ಮನಸಾರೆ ಧನ್ಯವಾದ ಅಣ್ಣಾ.