ಮಗಳಿಗೊಂದು ಪತ್ರ: ಸಂಪಾಜೆ ಘಾಟಿ ಹತ್ತಿದ ಮೇಲೆ

ಪುಟ್ಟಿ,

ಫ್ಯಾಮಿಲಿ ಗ್ರೂಪಿನಲ್ಲಿ ನೀನು 'ಅಮ್ಮನ ಛಲ ನೋಡಿ' ಅಂತ ಹಾಕಿದ್ದೇ ಹಾಕಿದ್ದು, ನಿನ್ನ ಅತ್ತೆ, ಚಿಕ್ಕಮ್ಮ ಎಲ್ಲ ಕೈಮುಗಿಯುವ ಚಿತ್ರ, ಹೂವಿನ ಚಿತ್ರ ಕಳಿಸಿ ಕಳಿಸಿ ನನ್ನ ಫೋನ್ ತುಂಬಿಸಿದರು. ಖುಷಿಯಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಛಲ ಗಿಲ ಏನೂ ಇಲ್ಲ ಮಾರಾಯ್ತಿ. ಮಂಗಳೂರಿನಿಂದ ಮಡಿಕೇರಿಗೆ ಸೈಕಲಿನಲ್ಲಿ ನನ್ನನ್ನು ಮುಟ್ಟಿಸಿದ್ದು ಹಿಂದಿನ ಚಕ್ರದ 34 ಹಲ್ಲಿನ ಕ್ಯಾಸೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರಗಳ ಗೊಂಚಲು, ಅದರಲ್ಲಿ ದೊಡ್ಡದಕ್ಕೆ 34 ಹಲ್ಲು.

ಲೆಕ್ಕ ಕೇಳು. ಮುಂದೆ ಪೆಡಲಿನ ಹತ್ತಿರ ಇರುವ ಹಲ್ಲಿನ ಚಕ್ರಗಳಲ್ಲಿ (ಚೈನ್‌ರಿಂಗ್) ಸಣ್ಣದಕ್ಕೆ 34 ಹಲ್ಲು. ಹಿಂದೆ ಮೊದಲಿದ್ದದ್ದು 28. ಅದನ್ನು 34 ಮಾಡಿಸಿದ ಮೇಲೆ ಪೆಡಲ್ ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು, ಅಂದರೆ ಸೈಕಲ್ ಮುಂದೆ ಹೋಗುವುದು ಎರಡು ಮೀಟರ್ ಚಿಲ್ಲರೆ. ಮೊದಲು ಎರಡೂವರೆ ಆಗುತ್ತಿತ್ತು. ದೂರ ಕಡಿಮೆಯಾದಷ್ಟೂ ತುಳಿಯಲು ಹಗುರ. ಅರ್ಧ ಮೀಟರಿಗೆ ಇಷ್ಟು ದುಡ್ಡಾ ಅಂತ ನಿನ್ನಪ್ಪ ನಕ್ಕರು. ಘಾಟಿ ದಾರಿಯಲ್ಲಿ ಕೊಯ್ನಾಡು ದಾಟಿದ ಮೇಲೆ ಆ ಅರ್ಧ ಮೀಟರ್ ಏನು ಅಂತ ಮೊಣಕಾಲನ್ನು ಕೇಳಬೇಕು.

ಎಲ್ಲರೂ ಘಾಟಿ ಘಾಟಿ ಅಂತ ಹೆದರಿಸುತ್ತಾರೆ. ಸುಸ್ತು ಶುರುವಾಗುವುದು ಅದಕ್ಕಿಂತ ಎಷ್ಟೋ ಮೊದಲು. ಮಾಣಿಯಲ್ಲಿ ಬಲಕ್ಕೆ ತಿರುಗಿ ಪುತ್ತೂರು, ಆಮೇಲೆ ಸುಳ್ಯದವರೆಗೆ ಒಂದು ಗುಡ್ಡ ಇಳಿದರೆ ಇನ್ನೊಂದು ಗುಡ್ಡ ಎದುರಿಗೇ ನಿಂತಿರುತ್ತದೆ, ಕಾರಿನಲ್ಲಿ ಹೋಗುವಾಗ ಇದ್ಯಾವುದೂ ಗೊತ್ತೇ ಆಗುವುದಿಲ್ಲ. ಡಿಸೆಂಬರ್ ಆದರೂ ನಮ್ಮ ಸೆಕೆ ಗೊತ್ತಲ್ಲ, ಬೆವರು ಇಳಿಯುತ್ತಲೇ ಇತ್ತು. ಪುತ್ತೂರಿನಲ್ಲಿ ಬನ್ಸ್, ಸುಳ್ಯದಲ್ಲಿ ಮೊಸರನ್ನ, ನಡುವೆ ಬಾಳೆಹಣ್ಣು, ಬಾಟಲಿಯಲ್ಲಿ ಉಪ್ಪು ಹಾಕಿದ ಪುನರ್ಪುಳಿ ಶರಬತ್ತು. ಹಸಿವಾಗುವ ಮೊದಲೇ ತಿನ್ನಬೇಕು. ನಮ್ಮ ಸೈಕಲ್ ಗುಂಪಿನಲ್ಲಿ ನಿನ್ನ ವಯಸ್ಸಿನ ಹುಡುಗನೊಬ್ಬ ಬರೀ ಕಾಫಿ ಕುಡಿದು ಎಲ್ಲರಿಗಿಂತ ಮುಂದೆ ಹಾರಿದ್ದ. ಜೋಡುಪಾಲದ ಹತ್ತಿರ ನೋಡಿದರೆ ರಸ್ತೆ ಬದಿಯಲ್ಲಿ ಕೂತಿದ್ದಾನೆ, ಕೈ ನಡುಗುತ್ತಿದೆ. ಚಿಕ್ಕಿ ಕೊಟ್ಟೆ, ಎರಡು ಮಾತು ಬೈದೆ ಕೂಡ.

ಸಂಪಾಜೆಯಿಂದ ಮಡಿಕೇರಿಗೆ ಹೆಚ್ಚುಕಡಿಮೆ 27 ಕಿ.ಮೀ., ಅಷ್ಟರಲ್ಲಿ ಸಾವಿರ ಮೀಟರ್ ಏರಬೇಕು. ನೂರು ಮೀಟರಿಗೆ ನಾಲ್ಕು ಮೀಟರ್ ಏರು ಅಂದುಕೋ. ಅಂಥ ಕಡಿದೇನಲ್ಲ, ಆದರೆ ಮುಗಿಯುವುದೇ ಇಲ್ಲ. ಪಯಸ್ವಿನಿ ಸ್ವಲ್ಪ ದೂರ ಜೊತೆಗೆ ಬಂದು ಆಮೇಲೆ ಎಲ್ಲೋ ಕೆಳಗೆ ಉಳಿಯುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಈ ರಸ್ತೆ ಬಂದ್ ಆಗಿತ್ತಲ್ಲ, ಆ ಜಾಗಗಳನ್ನು ಬಸ್ಸಿನ ಕಿಟಕಿಯಿಂದ ನೋಡುವುದೇ ಬೇರೆ. ಸೈಕಲ್ ಮೇಲೆ ಆ ಗುಡ್ಡದ ಕೆಳಗೆ ತುಂಬ ಹೊತ್ತು ಇರಬೇಕಾಗುತ್ತದೆ. ಭಯ ಆಯಿತು.

ಇನ್ನೊಂದು ವಿಷಯ. ಫರಂಗಿಪೇಟೆ ಕಡೆ ಒಬ್ಬರ ಹಿಂದೊಬ್ಬರು ಅಂಟಿಕೊಂಡು ಹೋಗುತ್ತಿದ್ದೆವು, ಮುಂದಿನವರು ಗಾಳಿ ತಡೆಯುತ್ತಾರೆ, ಹಿಂದಿನವರಿಗೆ ಹಗುರ. ಘಾಟಿಯಲ್ಲಿ ಆ ಆಟ ನಡೆಯುವುದಿಲ್ಲ. ನನ್ನ ಆಮೆ ವೇಗಕ್ಕೆ ಗಾಳಿ ಎಲ್ಲಿ ಅಡ್ಡ ಬರುತ್ತದೆ, ಅಲ್ವಾ? ಎಳೆಯಬೇಕಾದ್ದು ನಮ್ಮದೇ ಮೈಭಾರ. ಹಾಗಾಗಿ ಗುಂಪು ಚೆದುರಿ ಹೋಯಿತು, ಅವರವರ ಉಸಿರು ಅವರವರಿಗೆ. ಎಲ್ಲರಿಗಿಂತ ಹಿಂದೆ ಸ್ವೀಪ್ ಅಂತ ಒಬ್ಬರು ಇರುತ್ತಾರೆ, ಕೊನೆಯವರನ್ನು ಬಿಟ್ಟು ಮುಂದೆ ಹೋಗಬಾರದು ಅನ್ನುವುದೇ ಅವರ ಕೆಲಸ. ಆ ಕೊನೆಯವಳು ನಾನೇ. ಆ ಮನುಷ್ಯ 'ಆಗುತ್ತೆ ಮೇಡಂ, ಬನ್ನಿ ಬನ್ನಿ' ಅಂತ ಒಂದು ಸಲವೂ ಕೂಗಲಿಲ್ಲ. ಸುಮ್ನೆ ಹಿಂದೆ ಬಂದರು. ಎಷ್ಟು ಉಪಕಾರ ಗೊತ್ತಾ! ಹುರಿದುಂಬಿಸುವವರಿಗೆ ಉತ್ತರ ಕೊಡಲಿಕ್ಕೂ ಉಸಿರು ಬೇಕಲ್ಲ.

ಮದೆನಾಡು ದಾಟಿದ ಮೇಲೆ ತಣ್ಣಗಿನ ಗಾಳಿ. ಮಡಿಕೇರಿಯಲ್ಲಿ ನಿನ್ನಪ್ಪ ಕಾರಿನ ಹತ್ತಿರ ಸ್ವೆಟರ್ ಹಿಡಿದು ನಿಂತಿದ್ದರು. ಒದ್ದೆ ಬಟ್ಟೆ ಮೊದಲು ಬದಲಿಸು ಅಂದರು, ಶಹಭಾಸ್ ಅಂತ ಹೇಳಿದ್ದು ಚಹಾ ಕುಡಿದ ಮೇಲೆ.

ಮುಂದಿನ ಸಲ ಬರುತ್ತೇನೆ ಅಂದಿದ್ದೀಯಲ್ಲ, ನಿನ್ನ ಸೈಕಲಿನ ಹಿಂದಿನ ದೊಡ್ಡ ಹಲ್ಲಿನ ಚಕ್ರದ ಫೋಟೋ ಕಳಿಸು. 34 ಹಾಕಿಸಿದರೆ ಈಗಿರುವ ಡಿರೇಲರ್ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಹಿಡಿಸುತ್ತದಾ ಅಂತ ಅಂಗಡಿಯವನನ್ನು ಕೇಳಬೇಕು, ಇಲ್ಲದಿದ್ದರೆ ಅದೂ ಹೊಸತು ಬೇಕಾಗುತ್ತದೆ. ಖರ್ಚಿನ ವಿಷಯ ಮಾತ್ರ ಅಪ್ಪನ ಹತ್ತಿರ ನೀನೇ ಮಾತಾಡು, ನನ್ನ ಕೋಟಾ ಮುಗಿದಿದೆ.

ನಿನ್ನ
ಅಮ್ಮ